ಗೋಡೆ ನೋಯದ ಹಾಗೆ



ಹೊಸದಾಗಿ ಒಂದು ಮನೆಗೆ ಒಕ್ಕಲು ಬಂದವರು ಹಾಲುಕ್ಕಿಸಿದ ಮರುದಿನವೇ ಕೈಗೆತ್ತಿಕೊಳ್ಳುವ ಕೆಲಸವೆಂದರೆ ಗೋಡೆಗೆ ಮೊಳೆ ಹೊಡೆಯುವುದು. ಗುರುಗಳ ಭಾವಚಿತ್ರ, ಬಸವಣ್ಣನವರ ಪಟ, ಲಿಂಗೈಕ್ಯರಾದ ಹಿರಿಯರ ಫೋಟೋ, ಗಡಿಯಾರ, ಕನ್ನಡಿ, ಪಂಚಾಂಗ, ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ಮೊಳೆ. ಹಿಂದೆ ಈ ಕಾರ್ಯಕ್ಕೆ ಸುತ್ತಿಗೆ ಸಾಕಾಗುತ್ತಿತ್ತು. ಈಗ ಅದರ ಸ್ಥಾನಕ್ಕೆ ವಿದ್ಯುತ್ತಿನ ಡ್ರಿಲ್ ಬಂದಿದೆ. ಬಡಾವಣೆಯ ಯಾವುದೇ ಬೀದಿಯಲ್ಲಿ ರವಿವಾರದ ಬೆಳಗ್ಗೆ ಅದರ ಕರ್ಕಶ ಧ್ವನಿ ಕೇಳಿಸದಿರುವುದು ಅಪರೂಪ. ಇಂಥ ಅಲ್ಪ ವಿಷಯವನ್ನು ಈ ಅಂಕಣದಲ್ಲಿ ಏಕೆ ಎತ್ತಿಕೊಂಡಿರೆಂದು ವಾಚಕರು ಕೇಳಬಹುದು. ಕಳೆದ ಕಾರ್ತಿಕ ಮಾಸದಲ್ಲಿ ಚಿತ್ರದುರ್ಗದ ಚಂದ್ರವಳ್ಳಿಗೆ ಹೋಗುವ ದಾರಿಯ ಒಂದು ಮನೆಯಲ್ಲಿ ನಾವು ಕಂಡ ಪ್ರಸಂಗವೇ ಅದಕ್ಕೆ ಕಾರಣ. ಒಂದು ಮೊಳೆಯ ಸಲುವಾಗಿ ಎರಡು ಸಂಸಾರಗಳು ಮಾತು ಬಿಟ್ಟುದನ್ನು ಅಲ್ಲಿ ನಾವು ಕಣ್ಣಾರೆ ನೋಡಿದೆವು.

ಆ ಮನೆಯಲ್ಲಿ ಬಾಡಿಗೆಗಿದ್ದವರು ಇಬ್ಬರೂ ಶಿಕ್ಷಕ ವೃತ್ತಿಯ ದಂಪತಿಗಳು. ಪ್ರಸಾದಕ್ಕೆಂದು ನಮ್ಮನ್ನು ಕರೆದಿದ್ದರು. ಮನೆ ಹಳೆಯದು, ಮಂಗಳೂರು ಹೆಂಚಿನ ಮಾಡು, ನಡುಮನೆಯ ಒಂದು ಗೋಡೆಗೆ ಗಿಲಾವು ಇಲ್ಲದೆ ಕೆಂಪು ಇಟ್ಟಿಗೆಗಳು ಹಾಗೆಯೇ ಕಾಣುತ್ತಿದ್ದವು. ವರಸೆಗಳು ದಾರ ಹಿಡಿದಂತೆ ನೇರವಾಗಿದ್ದು, ಸಂದುಗಳಲ್ಲಿ ಸುಣ್ಣದ ಗಾರೆಯನ್ನು ಒಂದೇ ಹದಕ್ಕೆ ಒತ್ತಲಾಗಿತ್ತು. ನೋಡುತ್ತ ನಿಲ್ಲುವಂಥ ಗೋಡೆ. ಆದರೆ ಆ ಗೋಡೆಯ ಬುಡದಲ್ಲಿ, ನೆಲದ ಮೇಲೆ, ದೊಡ್ಡ ಚೌಕಟ್ಟಿನ ಭಾವಚಿತ್ರವೊಂದನ್ನು ಒರಗಿಸಿಟ್ಟಿದ್ದರು. ಅದು ಆ ತಾಯಿಯ ತಂದೆಯವರ ಚಿತ್ರ. ಹಿಂದಿನ ವರ್ಷವಷ್ಟೇ ಅವರು ಲಿಂಗೈಕ್ಯರಾಗಿದ್ದರು. ವರ್ಷದ ಸ್ಮರಣೆಗೆ ಇನ್ನು ಎಂಟು ದಿನ ಉಳಿದಿತ್ತು.

"ಅಪ್ಪನ ಫೋಟೋ ನೆಲದ ಮೇಲೆ ಇಟ್ಟು ಸ್ಮರಣೆ ಮಾಡಬೇಕೇನು, ಅಯ್ಯನವರೇ? ಒಂದು ತೂತು ಕೊರೆಯುವುದಕ್ಕೆ ಮನೆಯ ಅಜ್ಜಿ ಒಪ್ಪುತ್ತಿಲ್ಲ" ಎಂದು ಆಕೆ ಕಣ್ಣೊರೆಸಿಕೊಂಡರು.

ಮನೆಯ ಒಡತಿ ಹಿಂಭಾಗದಲ್ಲಿಯೇ ವಾಸವಾಗಿದ್ದ, ಎಂಬತ್ತು ದಾಟಿದ ವೃದ್ಧೆ. ಆಕೆಯ ಯಜಮಾನರು ಗಾರೆ ಕೆಲಸದ ಮೇಸ್ತ್ರಿಗಳಾಗಿದ್ದವರು. ಈ ಮನೆಯ ಒಂದೊಂದು ಇಟ್ಟಿಗೆಯನ್ನೂ ತಾವೇ ಇಟ್ಟವರು. ಡ್ರಿಲ್ ಯಂತ್ರವನ್ನು ಹಿಡಿದು ಬಂದ ಹುಡುಗನನ್ನು ಆಕೆ ಬಾಗಿಲಲ್ಲಿಯೇ ತಡೆದು ಕಳುಹಿಸಿದ್ದರಂತೆ. ಅಂದಿನಿಂದ ಎರಡೂ ಕಡೆ ಮಾತು ನಿಂತಿತ್ತು. ಬಾಡಿಗೆಯ ಹಣವೂ ಮೊಮ್ಮಗನ ಕೈಯಿಂದಲೇ ಹೋಗುತ್ತಿತ್ತು.

ಈ ದಂಪತಿಗಳಿಗೂ ತಮ್ಮದೇ ಆದ ಕಹಿ ಅನುಭವಗಳಿದ್ದವು. ಹಿಂದೆ ಬೇರೊಂದು ಊರಿನ ಬಾಡಿಗೆ ಮನೆಯಲ್ಲಿ ಯಂತ್ರದಿಂದ ಕೊರೆಯಿಸಿದಾಗ ಇಟ್ಟಿಗೆ ಪುಡಿಯಾಗಿ, ಬೆರಳು ಗಾತ್ರದ ರಂಧ್ರವಾಗಬೇಕಾದಲ್ಲಿ ಮುಷ್ಟಿ ಗಾತ್ರದ ಗುಂಡಿ ಬಿದ್ದಿತ್ತು. ಮನೆ ಬಿಡುವಾಗ ಅದರ ದುರಸ್ತಿಗೆಂದು ಅಡ್ವಾನ್ಸ್ ಹಣದಲ್ಲಿ ಒಂದು ಭಾಗವನ್ನು ಮುರಿದುಕೊಂಡರು. ಅದರ ಮುಂದಿನ ಮನೆಯಲ್ಲಿ ಕೊರೆಯುವುದೇ ಬೇಡವೆಂದು ಅಂಗಡಿಯಿಂದ ಅಂಟುಪಟ್ಟಿ ತಂದು ಇದೇ ಚಿತ್ರವನ್ನು ಗೋಡೆಗೆ ಅಂಟಿಸಿದ್ದರು. ಚೈತ್ರದ ಬಿಸಿಲಿನ ಒಂದು ರಾತ್ರಿ ಅದು ಕಳಚಿ ಬಿದ್ದಿತು. ಕೆಳಗೆ ಚಾಪೆಯ ಮೇಲೆ ಮಗು ಮಲಗಿತ್ತು. ಗಾಜು ಒಡೆದು ಚೆಲ್ಲಿದ್ದು ಮಗುವಿನ ತಲೆಯಿಂದ ಒಂದು ಗೇಣು ದೂರದಲ್ಲಿ. ಇದನ್ನು ಹೇಳುವಾಗ ಆ ತಂದೆಯ ಧ್ವನಿ ನಡುಗುತ್ತಿತ್ತು. ಹೀಗಿರಲು ಕೊರೆಯದೆ ಗತಿಯಿಲ್ಲವೆಂದು ಅವರು ತೀರ್ಮಾನಿಸಿದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಅಜ್ಜಿಯ ಹಟದಲ್ಲಿ ನ್ಯಾಯವಿತ್ತು, ಇವರ ಭಯದಲ್ಲಿಯೂ ನ್ಯಾಯವಿತ್ತು. ನಾವು ಯಾರ ಪರವಾಗಿಯೂ ಮಾತನಾಡಲಾರದೆ, ಸಂಜೆ ನೋಡೋಣವೆಂದು ಹೇಳಿ ಚಂದ್ರವಳ್ಳಿಯ ಕಡೆಗೆ ನಡೆದೆವು.

ಚಂದ್ರವಳ್ಳಿಯನ್ನು ಕಾಣದ ವಾಚಕರಿಗಾಗಿ ಎರಡು ಮಾತು. ದುರ್ಗದ ಬೆಟ್ಟಗಳ ಮಡಿಲಿನಲ್ಲಿ, ಕೆರೆಯೊಂದರ ಬದಿಯಲ್ಲಿರುವ ಈ ಕಣಿವೆ ಕನ್ನಡ ನಾಡಿನ ಅತಿ ಪ್ರಾಚೀನ ಜನವಸತಿಗಳಲ್ಲಿ ಒಂದು. 1929ರ ಸುಮಾರಿಗೆ ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಇಲ್ಲಿ ಉತ್ಖನನ ನಡೆಸಿದರು. ಶಾತವಾಹನರ ಕಾಲದ ವಸತಿಯ ಕುರುಹುಗಳು, ಮಣಿಗಳು, ಮಡಕೆಗಳು, ರೋಮನ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳು ಮಣ್ಣಿನಡಿಯಿಂದ ಹೊರಬಂದವು. ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ; ಅದು ಕೆರೆಯ ಕಾರ್ಯವನ್ನು ಹೇಳುವ ಶಾಸನ. ಅಲ್ಲಿಯೇ ಮೇಲುಗಡೆ ಬಂಡೆಗಳ ಅಡಿಯಲ್ಲಿ ಅಂಕಲಿ ಮಠದ ಗುಹೆಗಳಿವೆ. ಕೈದೀಪವಿಲ್ಲದೆ ಒಳಗೆ ಕಾಲಿಡುವಂತಿಲ್ಲ. ಮೆಟ್ಟಿಲಿಳಿದಂತೆ ಕತ್ತಲೆ ದಟ್ಟವಾಗುತ್ತದೆ. ಸಾಧಕರು ವಾಸ ಮಾಡಿದ ಆ ಕೋಣೆಗಳಲ್ಲಿ ಕುಳಿತುಕೊಳ್ಳಲು ಜಗಲಿಗಳಿವೆ, ದೀಪವಿಡಲು ಗೋಡೆಯಲ್ಲಿಯೇ ಗೂಡುಗಳಿವೆ.

ಆ ದೀಪದ ಗೂಡುಗಳ ಮುಂದೆ ಅಂದು ನಾವು ಸಾಕಷ್ಟು ಹೊತ್ತು ನಿಂತೆವು. ಗೂಡೂ ಗೋಡೆಯಲ್ಲಿ ಮಾಡಿದ ರಂಧ್ರವೇ ತಾನೆ? ಮೊಳೆಯ ರಂಧ್ರ ಗೋಡೆಯನ್ನು ಕೆಡಿಸುವುದಾದರೆ ಗೂಡು ಏಕೆ ಕೆಡಿಸಲಿಲ್ಲ? ವಿಚಾರ ಮಾಡಿದಂತೆ ಉತ್ತರ ಸ್ಪಷ್ಟವಾಯಿತು. ಗೂಡಿನಲ್ಲಿಟ್ಟ ದೀಪದ ಭಾರ ನೇರವಾಗಿ ಕೆಳಗಿನ ಗೋಡೆಯ ಮೇಲೆ ಕುಳಿತುಕೊಳ್ಳುತ್ತದೆ. ಗೋಡೆ ಎಂಬುದು ಮೇಲಿನಿಂದ ಬರುವ ಭಾರವನ್ನು ಹೊರುವುದಕ್ಕಾಗಿಯೇ ಹುಟ್ಟಿದ್ದು. ಮಾಡಿನ ಭಾರವನ್ನೇ ಹೊತ್ತ ಅದಕ್ಕೆ ಹಣತೆಯ ಭಾರ ಲೆಕ್ಕಕ್ಕಿಲ್ಲ. ಮೊಳೆಗೆ ತೂಗಿದ ವಸ್ತುವಾದರೋ ಕೆಳಗೆ ಜಗ್ಗುವುದರ ಜೊತೆಗೆ ಮೊಳೆಯನ್ನು ಹೊರಗೂ ಎಳೆಯುತ್ತದೆ. ಇಟ್ಟಿಗೆಗೆ ಅಮುಕಿದರೆ ತಡೆಯುವ ಶಕ್ತಿಯಿದೆ. ಸೀಳಿದರೆ, ಎಳೆದರೆ ತಡೆಯುವ ಶಕ್ತಿ ಅತ್ಯಲ್ಪ. ಹಿರಿಯರು ಈ ಗುಣವನ್ನು ಅರಿತು ಮನೆ ಕಟ್ಟಿದರು; ನಾವು ಅದನ್ನು ಮರೆತು ಯಂತ್ರವನ್ನು ಕೊಂಡೆವು.

ನಮ್ಮ ಹಳೆಯ ಮನೆಗಳನ್ನು ಒಮ್ಮೆ ಸ್ಮರಿಸಿಕೊಳ್ಳಿರಿ. ದೇವರ ದೀಪಕ್ಕೆ ಗೂಡು, ಸಣ್ಣ ಪುಟ್ಟ ಸಾಮಾನಿಗೆ ಮಾಡು, ಪಾತ್ರೆಗಳಿಗೆ ನಾಗಂದಿಗೆ. ಬೆಕ್ಕು ಇರುವೆಗಳಿಗೆ ಎಟುಕದಂತೆ ಹಾಲು ಮೊಸರಿನ ಗಡಿಗೆಗಳನ್ನು ತೊಲೆಗೆ ತೂಗಿದ ನೆಲವಿನಲ್ಲಿ ಇಡುತ್ತಿದ್ದರು. ಬಟ್ಟೆ ಹಾಕಲು ಜಂತೆಗಳಿಂದ ಇಳಿಬಿಟ್ಟ ಗಳವಿರುತ್ತಿತ್ತು. ಅಂಗಿ ರುಮಾಲುಗಳಿಗೆ ಮರದ ಗೂಟಗಳಿದ್ದರೂ ಅವನ್ನು ಗೋಡೆ ಎದ್ದ ಮೇಲೆ ಹೊಡೆದದ್ದಲ್ಲ. ಗೋಡೆ ಏಳುತ್ತಿರುವಾಗಲೇ ವರಸೆಯ ನಡುವೆ ಕೂರಿಸಿ ಮೇಲೆ ಇಟ್ಟಿಗೆ ಇಡುತ್ತಿದ್ದರು. ಗೂಟದ ಒಳತುದಿ ಅಗಲವಾಗಿಯೂ ಹೊರತುದಿ ಕಿರಿದಾಗಿಯೂ ಇರುತ್ತಿದ್ದುದರಿಂದ ಎಷ್ಟು ಎಳೆದರೂ ಕಿತ್ತು ಬರುತ್ತಿರಲಿಲ್ಲ. ಭಾವಚಿತ್ರಗಳ ರೂಢಿ ಬಂದ ಮೇಲೆ ಅವನ್ನೂ ಗೋಡೆಯ ತಲೆಯ ಮರಕ್ಕೆ ಹಗ್ಗದಿಂದ ಕಟ್ಟಿ, ಬುಡವನ್ನು ಉದ್ದನೆಯ ಮರದ ಪಟ್ಟಿಯ ಮೇಲೆ ಕೂರಿಸಿ, ಮುಂದಕ್ಕೆ ಬಾಗಿದಂತೆ ಸಾಲಾಗಿ ನಿಲ್ಲಿಸುತ್ತಿದ್ದರು. ಹಳೆಯ ಮನೆಗಳ ಪಡಸಾಲೆಯಲ್ಲಿ ಹಿರಿಯರು ಮೇಲಿನಿಂದ ಬಾಗಿ ನಮ್ಮನ್ನು ನೋಡುತ್ತಿರುವಂತೆ ತೋರುವುದಕ್ಕೆ ಇದೇ ಕಾರಣ.

ದುರ್ಗದ ಕೋಟೆಯನ್ನು ಹತ್ತಿದವರು ಕಲ್ಲಿನ ಉಯ್ಯಾಲೆ ಕಂಬವನ್ನು ನೋಡಿರುತ್ತೀರಿ. ಎತ್ತರದ ಕಲ್ಲುಕಂಬಗಳ ನೆತ್ತಿಗೆ ಕಲ್ಲಿನ ಅಡ್ಡತೊಲೆ. ಉಯ್ಯಾಲೆಯ ಭಾರವೆಲ್ಲ ಆ ತೊಲೆಯಿಂದ ಕಂಬಕ್ಕೆ, ಕಂಬದಿಂದ ನೆಲಕ್ಕೆ ಇಳಿಯುತ್ತದೆ. ನೆಲವಿಗೂ ಉಯ್ಯಾಲೆಗೂ ನ್ಯಾಯ ಒಂದೇ. ತೂಗುವುದನ್ನು ತೊಲೆಗೆ ತೂಗಬೇಕು, ಇಡುವುದನ್ನು ಗೋಡೆಯಲ್ಲಿ ಇಡಬೇಕು.

ಈ ವಿಷಯದಲ್ಲಿ ನಮಗೂ ಬಾಲ್ಯದಲ್ಲಿ ಒಂದು ಪಾಠವಾಗಿತ್ತು. 1970ರ ದಶಕದಲ್ಲಿ ನಾವು ಮಠದ ಉಚಿತ ಪ್ರಸಾದ ನಿಲಯದಲ್ಲಿದ್ದು ಓದುತ್ತಿದ್ದಾಗ ವಿದ್ಯಾರ್ಥಿಗಳ ಬಟ್ಟೆಗಾಗಿ ಗೂಟಗಳನ್ನು ಕೂರಿಸಿದ ಉದ್ದನೆಯ ಹಲಗೆಯೊಂದನ್ನು ಜಂತೆಗಳಿಂದ ಇಳಿಬಿಟ್ಟಿದ್ದರು. ನಮ್ಮ ಪಾಲಿನ ಗೂಟ ಮೂಲೆಯಲ್ಲಿದ್ದುದರಿಂದ ಅಸಮಾಧಾನಗೊಂಡು ನಾವು ಗೋಡೆಗೆ ಗುಟ್ಟಾಗಿ ಒಂದು ಮೊಳೆ ಹೊಡೆದೆವು. ಅಂಗೈಯಗಲದ ಗಾರೆ ಉದುರಿತು. ಗುರುಗಳು ಬೈಯಲಿಲ್ಲ. ಸುಣ್ಣ ಮರಳು ತರಿಸಿ, ನಮ್ಮ ಕೈಯಿಂದಲೇ ಕಲಸಿಸಿ, ಗೋಡೆಯನ್ನು ನೆನೆಸಿ ಮೆತ್ತಿಸಿದರು. ಅನಂತರ ಏಳು ದಿನ ದಿನಕ್ಕೆ ಮೂರು ಬಾರಿ ನೀರು ಚಿಮುಕಿಸುವ ಕೆಲಸವೂ ನಮ್ಮದೇ ಆಯಿತು. ಒಂದು ಕ್ಷಣದ ಏಟಿಗೆ ಏಳು ದಿನದ ಸೇವೆ. ಆ ತೇಪೆಯ ಬಣ್ಣ ಮಾತ್ರ ಕೊನೆಯವರೆಗೂ ಉಳಿದ ಗೋಡೆಯೊಡನೆ ಕೂಡಿಕೊಳ್ಳಲಿಲ್ಲ.

ಪ್ರಸ್ತುತ ವಿಷಯಕ್ಕೆ ಬರೋಣ. ಇಟ್ಟಿಗೆ ಗೋಡೆಯನ್ನು ಯಂತ್ರದಿಂದ ಕೊರೆದರೆ ಆಗುವ ಹಾನಿ ಏನು? ಇಟ್ಟಿಗೆಗಳೆಲ್ಲ ಒಂದೇ ಬಲದವಲ್ಲ. ಭಾರತೀಯ ಮಾನಕ 1077ರ ಪ್ರಕಾರ ಸುಟ್ಟ ಮಣ್ಣಿನ ಇಟ್ಟಿಗೆಯ ಬಲದ ದರ್ಜೆಗಳು ಚದರ ಮಿಲಿಮೀಟರಿಗೆ 3.5 ನ್ಯೂಟನ್‌ನಿಂದ ಆರಂಭವಾಗಿ 35 ನ್ಯೂಟನ್‌ವರೆಗೆ ಇವೆ. ಎಂದರೆ ಕೆಳಗಿನ ದರ್ಜೆಗೂ ಮೇಲಿನ ದರ್ಜೆಗೂ ಹತ್ತು ಪಟ್ಟು ಅಂತರ. ಊರ ಗೂಡುಗಳಲ್ಲಿ ಸೌದೆ ಹಾಕಿ ಸುಟ್ಟ ನಾಡ ಇಟ್ಟಿಗೆಯಲ್ಲಿ, ಬೆಂಕಿಯ ಸಮೀಪವಿದ್ದದ್ದು ಗಟ್ಟಿಯಾಗಿಯೂ ದೂರವಿದ್ದದ್ದು ಹಸಿಯಾಗಿಯೂ ಇರುತ್ತದೆ. ಮೇಲೆ ಕೆಂಪಾಗಿ ಕಂಡರೂ ಒಳಗೆ ಮೃದುವಾಗಿದ್ದರೆ ಬಡಿಯುತ್ತ ಕೊರೆಯುವ ಯಂತ್ರದ ಹೊಡೆತಕ್ಕೆ ಅದು ಪುಡಿಯಾಗುತ್ತದೆ. ಅಂಚಿನ ಸಮೀಪ ಕೊರೆದರೆ ಸೀಳುತ್ತದೆ. ರಂಧ್ರಕ್ಕೆ ತುರುಕುವ ಪ್ಲಾಸ್ಟಿಕ್ ಬಿರಡೆ ತಿರುಪು ಹೋದಂತೆ ಹಿಗ್ಗಿ ನಿಲ್ಲುವ ವಸ್ತು. ಆ ಹಿಗ್ಗುವಿಕೆಯೇ ಬಲಹೀನ ಇಟ್ಟಿಗೆಯನ್ನು ಬಿರುಕುಗೊಳಿಸುತ್ತದೆ. ಮಣ್ಣಿನ ಅಥವಾ ಸುಣ್ಣದ ಗಾರೆಯಲ್ಲಿ ಕಟ್ಟಿದ ಹಳೆಯ ಗೋಡೆಗಳಲ್ಲಿ ಯಂತ್ರದ ಕಂಪನಕ್ಕೆ ಸುತ್ತಲಿನ ಸಂದುಗಳೂ ಸಡಿಲಗೊಳ್ಳುತ್ತವೆ. ಈಗಿನ ಮನೆಗಳ ನಾಲ್ಕೂವರೆ ಇಂಚಿನ ಅಡ್ಡಗೋಡೆಯಲ್ಲಿ ಆಳವಾಗಿ ಕೊರೆದರೆ ಆಚೆಯ ಬದಿಯ ಗಿಲಾವು ಸಿಡಿಯುವುದುಂಟು. ಇವೆಲ್ಲಕ್ಕಿಂತ ಅಪಾಯಕರವಾದದ್ದು ಗೋಡೆಯೊಳಗೆ ಅಡಗಿರುವ ವಿದ್ಯುತ್ ತಂತಿ. ಸ್ವಿಚ್ ಬೋರ್ಡಿನ ನೇರ ಮೇಲೆ ಕೆಳಗೆ ಏನನ್ನೂ ಕೊರೆಯಬಾರದು, ಹೊಡೆಯಲೂಬಾರದು.

ಇಷ್ಟೆಲ್ಲ ಹೇಳಿದ ಮೇಲೆ ಮಾರ್ಗವನ್ನೂ ಹೇಳಬೇಕಾದುದು ನಮ್ಮ ಕರ್ತವ್ಯ. ಮೊದಲು ವಸ್ತುವಿನ ತೂಕವನ್ನು ತಿಳಿಯಿರಿ. ಫೋಟೋದ ತೂಕದಲ್ಲಿ ದೊಡ್ಡ ಪಾಲು ಗಾಜಿನದು. ಒಂದು ಚದರ ಮೀಟರ್ ಗಾಜು, ದಪ್ಪ ಒಂದು ಮಿಲಿಮೀಟರ್ ಆದರೆ ಎರಡೂವರೆ ಕಿಲೋ ತೂಗುತ್ತದೆ. 60 ಸೆಂಟಿಮೀಟರ್ ಎತ್ತರ, 45 ಸೆಂಟಿಮೀಟರ್ ಅಗಲದ ಚಿತ್ರಕ್ಕೆ 3 ಮಿಲಿಮೀಟರ್ ಗಾಜು ಹಾಕಿದರೆ ಗಾಜೊಂದೇ ಎರಡು ಕಿಲೋ. ಮರದ ಚೌಕಟ್ಟು, ಬೆನ್ನ ಹಲಗೆಗಳೂ ಕೂಡಿದರೆ ನಾಲ್ಕು ಕಿಲೋದ ಹತ್ತಿರಕ್ಕೆ ಹೋಗುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿಯೋ ಕಿರಾಣಿ ಅಂಗಡಿಯಲ್ಲಿಯೋ ಒಮ್ಮೆ ತೂಗಿ ನೋಡುವುದರಲ್ಲಿ ಸಂಕೋಚ ಬೇಡ.

ಎರಡನೆಯದು ಹಗ್ಗದ ಲೆಕ್ಕ. ಚೌಕಟ್ಟಿನ ಹಿಂದಿನ ಎರಡು ಬಳೆಗಳಿಗೆ ದಾರ ಕಟ್ಟಿ ಒಂದೇ ಕೊಕ್ಕೆಗೆ ಸಿಕ್ಕಿಸುವಾಗ ದಾರವನ್ನು ಬಿಗಿಯಾಗಿ ಎಳೆದರೆ ಅಂದವೆಂದು ಅನೇಕರ ಭಾವನೆ. ಅದು ಪ್ರಮಾದಕ್ಕೆ ದಾರಿ. ಬಳೆಗಳ ನಡುವಿನ ಅಂತರ 40 ಸೆಂಟಿಮೀಟರ್, ಚಿತ್ರದ ತೂಕ ನಾಲ್ಕು ಕಿಲೋ ಎಂದು ತಿಳಿಯೋಣ. ಕೊಕ್ಕೆ ಬಳೆಗಳಿಗಿಂತ 20 ಸೆಂಟಿಮೀಟರ್ ಮೇಲಿದ್ದರೆ ದಾರದ ಒಂದೊಂದು ಎಳೆಯ ಮೇಲೆ ಬೀಳುವ ಬಿಗಿತ ಸುಮಾರು ಮೂರು ಕಿಲೋ. ಅದೇ ಕೊಕ್ಕೆ ಕೇವಲ ಮೂರೂವರೆ ಸೆಂಟಿಮೀಟರ್ ಮೇಲಿದ್ದರೆ ಬಿಗಿತ ಹನ್ನೊಂದು ಕಿಲೋಗೂ ಹೆಚ್ಚು. ತೂಕ ಬದಲಾಗಲಿಲ್ಲ, ದಾರ ಚಪ್ಪಟೆಯಾಯಿತು, ಅಷ್ಟೇ. ಎರಡು ಬದಿಗೆ ಎರಡು ಹಗ್ಗಗಳನ್ನು ನೇರವಾಗಿ ಇಳಿಬಿಟ್ಟರೆ ಒಂದೊಂದಕ್ಕೆ ಎರಡೇ ಕಿಲೋ. ಆದ್ದರಿಂದ ಎರಡು ನೇರ ಹಗ್ಗವೇ ಉತ್ತಮ. ಒಂದೇ ಕೊಕ್ಕೆಯಾದರೆ ದಾರ ಸಡಿಲವಾಗಿ, ಎತ್ತರದ ತ್ರಿಕೋನದಂತೆ ಇರಲಿ.

ಮೂರನೆಯದು ಅಂಟುಪಟ್ಟಿಯ ವಿಚಾರ. ಇದನ್ನು ನಿಷೇಧಿಸಬೇಕೆಂದು ನಾವು ಹೇಳುವುದಿಲ್ಲ. ಎಲ್ಲಿ ಸಲ್ಲುತ್ತದೆಂಬುದನ್ನು ಅರಿಯಬೇಕು. ನುಣುಪಾದ, ಎಣ್ಣೆ ಬಣ್ಣ ಬಳಿದ ಗಿಲಾವು, ಹೊಳಪು ಟೈಲು, ಗಾಜು, ಮರದ ಬೀರು, ಇವುಗಳ ಮೇಲೆ ಹಗುರವಾದ ವಸ್ತುವಿಗೆ ಅದು ಸಾಕು. ಇಟ್ಟಿಗೆಯ ಮೈ ಒರಟು. ಅಂಟು ಉಬ್ಬುಗಳ ತುದಿಯನ್ನಷ್ಟೇ ಹಿಡಿಯುತ್ತದೆ, ತಗ್ಗುಗಳನ್ನು ಮುಟ್ಟುವುದೇ ಇಲ್ಲ. ಮೇಲೆ ಕಣ್ಣಿಗೆ ಕಾಣದ ಕೆಂಪು ಧೂಳು, ಕೆಲವು ಗೋಡೆಗಳಲ್ಲಿ ತೇವದಿಂದ ಬೆಳ್ಳಗೆ ಹೂವಿನಂತೆ ಏಳುವ ಉಪ್ಪು. ಅಂಟು ಗೋಡೆಯನ್ನು ಬಿಟ್ಟು ಆ ಧೂಳನ್ನೇ ಹಿಡಿದು ಕೂರುತ್ತದೆ. ಬೇಸಗೆಯ ಕಾವಿಗೆ ಅಂಟು ಮೆದುವಾಗುವುದೂ ಸೇರಿದರೆ ಪತನ ನಿಶ್ಚಿತ. ಇಂಥ ಪಟ್ಟಿಗಳನ್ನು ತಯಾರಿಸುವವರೇ ಇಟ್ಟಿಗೆಯಂಥ ಒರಟು ಗೋಡೆಗೆ ಇದು ಸಲ್ಲದೆಂದು ತಿಳಿಸುತ್ತಾರೆ. ಆ ಸಣ್ಣ ಅಕ್ಷರವನ್ನು ನಾವು ಓದುವುದಿಲ್ಲ. ಸುಣ್ಣ ಬಳಿದ ಗೋಡೆಗೂ ಇದು ಬೇಡ. ಕೀಳುವಾಗ ಸುಣ್ಣದ ಪದರವೇ ಕಿತ್ತು ಬರುತ್ತದೆ. ಗಾಜಿನ ವಸ್ತುವನ್ನಂತೂ ಮಲಗುವ ಜಾಗದ ಮೇಲೆ ಯಾವ ಅಂಟಿನಿಂದಲೂ ತೂಗಬೇಡಿರಿ.

ನಾಲ್ಕನೆಯದು, ಬರಿಯ ಇಟ್ಟಿಗೆ ಕಾಣುವ ಗೋಡೆಗಳಿಗೆಂದೇ ಈಚೆಗೆ ಬಂದಿರುವ ಸ್ಪ್ರಿಂಗ್ ಉಕ್ಕಿನ ಹಿಡಿಕೆ. ಇಂಗ್ಲೆಂಡಿನಲ್ಲಿ ಹುಟ್ಟಿ ತಿರುವನಂತಪುರದಲ್ಲಿ ನೆಲೆಸಿದ ವಾಸ್ತುಶಿಲ್ಪಿ ಲಾರಿ ಬೇಕರ್ (1917–2007) ಅವರು ಗಿಲಾವು ಇಲ್ಲದ ಇಟ್ಟಿಗೆ ಮನೆಗಳನ್ನು ಕಟ್ಟಿ ತೋರಿಸಿದರು. ಅಂಥ ಗೋಡೆಗಳು ಈಗ ಬೆಂಗಳೂರಿನಲ್ಲಿಯೂ ನಮ್ಮ ಜಿಲ್ಲಾ ಕೇಂದ್ರಗಳಲ್ಲಿಯೂ ಕಾಣಸಿಗುತ್ತವೆ. ಈ ಹಿಡಿಕೆ ಇಟ್ಟಿಗೆಯ ಮೇಲಂಚು ಕೆಳಅಂಚುಗಳನ್ನು ಬೆರಳುಗಳಿಂದ ಹಿಡಿದಂತೆ ಕಚ್ಚಿಕೊಳ್ಳುತ್ತದೆ, ರಂಧ್ರ ಬೇಕಾಗಿಲ್ಲ. ಆದರೆ ಸಂದಿನ ಗಾರೆ ಇಟ್ಟಿಗೆಯ ಮುಖಕ್ಕಿಂತ ಸುಮಾರು ಮೂರು ಮಿಲಿಮೀಟರ್ ಒಳಗಿದ್ದರೆ ಮಾತ್ರ ಅದಕ್ಕೆ ಕಚ್ಚಲು ಎಡೆ ಸಿಗುತ್ತದೆ. ಇನ್ನೊಂದು ತೊಡಕು ಅಳತೆಯದು. ಅಮೆರಿಕದ ಸಾಮಾನ್ಯ ಇಟ್ಟಿಗೆಯ ಎತ್ತರ 57 ಮಿಲಿಮೀಟರ್, ಇಂಗ್ಲೆಂಡಿನದು 65; ನಮ್ಮ ಮಾನಕದ ಇಟ್ಟಿಗೆಗಳಾದರೋ 70 ಅಥವಾ 90 ಮಿಲಿಮೀಟರ್ ಎತ್ತರದವು, ನಾಡ ಇಟ್ಟಿಗೆಗಳಂತೂ ಗೂಡಿಗೊಂದು ಅಳತೆ. ಮಕ್ಕಳು ಪರದೇಶದಿಂದ ತಂದುಕೊಟ್ಟ ಹಿಡಿಕೆ ನಮ್ಮ ಗೋಡೆಗೆ ಕೂರದಿರುವುದು ಇದರಿಂದಲೇ. ಅಳೆದು ಕೊಳ್ಳಬೇಕು. ಬೇಕರ್ ಅವರು ರೂಢಿಗೆ ತಂದ, ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಟೊಳ್ಳು ಬಿಟ್ಟು ಕಟ್ಟುವ ಗೋಡೆಯಾದರೆ ಇಟ್ಟಿಗೆಯ ಮುಖ ಇನ್ನೂ ಎತ್ತರ. ಅದಕ್ಕೆ ಈ ಹಿಡಿಕೆಯೂ ಒಗ್ಗದು, ಕೊರೆದರೆ ಬಿರಡೆಗೆ ಹಿಡಿತವೂ ಸಿಗದು.

ಐದನೆಯದು ಸಂದಿಗೆ ಹೊಡೆಯುವ ಸಣ್ಣ ಮೊಳೆ. ಪಂಚಾಂಗದಂಥ ಒಂದು ಕಿಲೋದೊಳಗಿನ ವಸ್ತುವಿಗೆ, ಮನೆಯೊಡೆಯರ ಅನುಮತಿಯಿದ್ದಲ್ಲಿ ಇದು ಸಾಧ್ಯ. ಇಟ್ಟಿಗೆಗೆ ಹೊಡೆಯದೆ ಸಂದಿನ ಗಾರೆಗೆ, ತಲೆ ಸ್ವಲ್ಪ ಮೇಲಾಗಿ ಮೊನೆ ಕೆಳಗಾಗಿ, ಮೆಲ್ಲಗೆ ಹೊಡೆಯಬೇಕು. ಮನೆ ಬಿಡುವಾಗ ಸಂದನ್ನು ನೆನೆಸಿ, ಅದು ಯಾವ ಗಾರೆಯದೋ ಅದೇ ಗಾರೆಯಿಂದ ತುಂಬಬೇಕು. ಸುಣ್ಣದ ಗೋಡೆಗೆ ಸಿಮೆಂಟಿನ ತೇಪೆ ಹಾಕಬೇಡಿರಿ. ಗಟ್ಟಿ ಸಿಮೆಂಟು ಮೆದು ಇಟ್ಟಿಗೆಯನ್ನು ತಿನ್ನುತ್ತದೆ.

ಇವಾವುವೂ ಒಗ್ಗದಿದ್ದಲ್ಲಿ ಇರುವುದು ಹಿರಿಯರ ದಾರಿ. ಗೋಡೆಯಲ್ಲಿ ಗೂಡಿದ್ದರೆ ಅಲ್ಲಿ ಇಡಿರಿ. ಮರದ ಮಣೆಯ ಮೇಲೆ, ಬೀರುವಿನ ಮೇಲೆ, ನಿಲುವು ಹಲಗೆಯ ಮೇಲೆ ಒರಗಿಸಿರಿ. ಮೇಲೆ ಮರವಿದ್ದರೆ ಮರಕ್ಕೆ ತೂಗಿರಿ.

ಸಂಜೆ ನಾವು ಆ ಮನೆಗೆ ಮರಳಿದಾಗ ಅಜ್ಜಿಯನ್ನು ಕರೆಸದೆ, ದಂಪತಿಗಳನ್ನು ಜೊತೆಯಲ್ಲಿ ಕರೆದುಕೊಂಡು ನಾವೇ ಹಿತ್ತಲ ಕಡೆಗೆ ಹೋದೆವು. ಗೋಡೆಯನ್ನು ಕುರಿತು ಎರಡು ಮಾತು ಹೇಳಿರೆಂದು ಕೇಳಿದೆವು. ಕೊರೆಯುವ ಪ್ರಸ್ತಾಪವನ್ನೇ ಎತ್ತಲಿಲ್ಲ. ಆಕೆ ಎದ್ದು ಬಂದು ಇಟ್ಟಿಗೆಯ ಮೇಲೆ ಕೈಯಾಡಿಸಿದರು.

"ಇದು ಕಟ್ಟುವಾಗ ನಾನೂ ಗಾರೆ ಹೊತ್ತೀನಿ ಅಯ್ನೋರೆ. ಸಂಜೆ ಹೊತ್ತಿಗೆ ಕೈಯೆಲ್ಲ ಸುಣ್ಣ ತಿಂದು ಉರೀತಿತ್ತು. ಅವರು ಇರಾತನಕ ಇದಕ್ಕೊಂದು ಮೊಳೆ ಹೊಡೆದೋರಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದು, ನೆಲದ ಮೇಲಿದ್ದ ಚಿತ್ರವನ್ನು ನೋಡಿ, ಆ ತಾಯಿಯ ಕಡೆಗೆ ತಿರುಗಿದರು. ಎಷ್ಟೋ ದಿನಗಳ ಮೇಲೆ ಆಡಿದ ಮೊದಲ ಮಾತು.

"ನಿಮ್ಮಪ್ಪನೇನವ್ವಾ? ನನಗೆ ಯಾರೂ ಹೇಳಲಿಲ್ವಲ್ಲ. ಕನ್ನಡೀನೋ ಏನೋ ತಗಲಾಕ್ತಾರೆ ಅಂದ್ಕಂಡಿದ್ದೆ. ಗೋಡೆಗ್ಯಾಕೆ ಹೊರಿಸ್ತೀರಿ, ಮ್ಯಾಲೆ ಜಂತೆ ಐತಲ್ಲ."

ಗೋಡೆಯ ತಲೆಯ ಮೇಲೆ ಮಲಗಿಸಿದ ಮರದ ದಿಂಡು, ಅದರ ಮೇಲೆ ಸಾಲಾಗಿ ಕುಳಿತ ಜಂತೆಗಳು. ಅಷ್ಟು ದಿನ ಅದೇ ಮಾಡಿನ ಕೆಳಗಿದ್ದ ದಂಪತಿಗಳಾಗಲಿ, ಮಧ್ಯಾಹ್ನವೆಲ್ಲ ಗೋಡೆಯನ್ನೇ ನೋಡುತ್ತಿದ್ದ ನಾವಾಗಲಿ ತಲೆಯೆತ್ತಿ ಅತ್ತ ನೋಡಿರಲಿಲ್ಲ. ಆ ಶಿಕ್ಷಕರು ಏಣಿ ಹತ್ತಿ ಎರಡು ಜಂತೆಗಳ ಕೊರಳಿಗೆ ಎರಡು ಗಟ್ಟಿ ನೂಲಿನ ಹಗ್ಗಗಳನ್ನು ಸುತ್ತಿ ಗಂಟು ಹಾಕಿದರು. ಮರಕ್ಕೂ ಒಂದು ಮೊಳೆ ಬೇಕಾಗಲಿಲ್ಲ. ಹಗ್ಗಗಳ ಕೆಳತುದಿಯನ್ನು ಚೌಕಟ್ಟಿನ ಎರಡು ಬಳೆಗಳಿಗೆ ಬಿಗಿದರು. ಇಟ್ಟಿಗೆಗೆ ಚೌಕಟ್ಟು ಉಜ್ಜದಂತೆ ಹಿಂದಿನ ಕೆಳಮೂಲೆಗಳಿಗೆ ಹಳೆಯ ಬಟ್ಟೆಯ ಎರಡು ಮಡಿಕೆಗಳನ್ನು ಇಟ್ಟುಕೊಟ್ಟವರು ಅಜ್ಜಿಯೇ. ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿ, ಎಡಗಡೆ ಒಂದು ಬೆರಳು ಮೇಲೆ ಎಳೆಯಿರೆಂದರು. ಮೇಸ್ತ್ರಿಗಳ ಮನೆಯ ಕಣ್ಣು ಅದು. ಎಳೆದ ಮೇಲೆ ಚೌಕಟ್ಟಿನ ಅಂಚೂ ಇಟ್ಟಿಗೆಯ ವರಸೆಯೂ ಒಂದೇ ರೇಖೆಯಲ್ಲಿ ನಿಂತವು.

ಎಂಟು ದಿನದ ಮೇಲೆ ನಡೆದ ಸ್ಮರಣೆಗೆ ಹೋಗಲು ನಮಗೆ ಆಗಲಿಲ್ಲ. ಆ ಪೂಜೆಗೆ ಹಿತ್ತಲ ಹೂವನ್ನು ಬಿಡಿಸಿಕೊಟ್ಟವರು ಅಜ್ಜಿಯೆಂದೂ, ಪ್ರಸಾದಕ್ಕೆ ಮೊದಲ ಪಂಕ್ತಿಯಲ್ಲಿ ಅವರನ್ನೇ ಕೂರಿಸಿದರೆಂದೂ ಶಿಕ್ಷಕರು ಪತ್ರ ಬರೆದು ತಿಳಿಸಿದ್ದಾರೆ.

ಈ ಪ್ರಸಂಗದಿಂದ ಬಾಡಿಗೆಗಿರುವ ಬಂಧುಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟು: ಗೋಡೆಯನ್ನು ಮುಟ್ಟುವ ಮುನ್ನ ಅದನ್ನು ಕಟ್ಟಿದವರನ್ನು, ಅವರಿಲ್ಲದಿದ್ದರೆ ಅವರ ಮನೆಯವರನ್ನು ಮಾತನಾಡಿಸಿರಿ, ಏನನ್ನು ತೂಗಬೇಕಾಗಿದೆಯೆಂಬುದನ್ನೂ ಬಿಚ್ಚಿ ಹೇಳಿರಿ. ಮನೆಯೊಡೆಯರಲ್ಲಿಯೂ ಒಂದು ಮಾತು: ಬೇಡವೆನ್ನುವಾಗ ಬೇರೆ ಏನು ಮಾಡಬಹುದೆಂಬುದನ್ನೂ ತಿಳಿಸಿರಿ. ಕೊರೆಯಬಾರದೆಂಬ ಆಜ್ಞೆಗಿಂತ ಜಂತೆಯನ್ನು ತೋರಿದ ಬೆರಳು ಆ ಮನೆಯಲ್ಲಿ ಹೆಚ್ಚು ಕೆಲಸ ಮಾಡಿತು.

ಹೊಸ ಮನೆ ಕಟ್ಟಿಸುತ್ತಿರುವವರು ಗೋಡೆ ಏಳುವ ಮೊದಲೇ ಮೇಸ್ತ್ರಿಗಳೊಡನೆ ಕುಳಿತು, ಪೂಜೆಯ ಕೋಣೆಯಲ್ಲಿ ಒಂದು ಗೂಡು, ನಡುಮನೆಯಲ್ಲಿ ಬಾಗಿಲ ನೆತ್ತಿಯ ಮಟ್ಟಕ್ಕೆ ಗೋಡೆಯುದ್ದಕ್ಕೂ ಒಂದು ಮರದ ಪಟ್ಟಿ, ಬೇಕಾದಲ್ಲಿ ನಾಲ್ಕಾರು ಗೂಟ, ಇವನ್ನು ಕಟ್ಟುವಾಗಲೇ ಕೂರಿಸಿಕೊಳ್ಳಲಿ. ಗೋಡೆಯೊಳಗೆ ಹುದುಗುವ ಮರದ ತುದಿಗೆ ಗೆದ್ದಲು ಹಿಡಿಯದಂತೆ ಟಾರು ಬಳಿಯಿಸಲಿ. ಮನೆಯ ಒಟ್ಟು ವೆಚ್ಚದಲ್ಲಿ ಇದು ಗಣನೆಗೆ ಬಾರದಷ್ಟು ಅಲ್ಪ. ಮುಂದಿನ ಐವತ್ತು ವರ್ಷ ಆ ಗೋಡೆಯ ಮುಂದೆ ಯಂತ್ರ ಹಿಡಿದು ನಿಲ್ಲುವ ಪ್ರಸಂಗ ಬಾರದು.

ಕೊನೆಯದಾಗಿ, ಈಗಾಗಲೇ ತೂಗಿರುವ ಪಟಗಳ ಹಗ್ಗವನ್ನು ಯುಗಾದಿಗೆ ಮನೆ ಸಾರಿಸುವಾಗ ಒಮ್ಮೆ, ದೀಪಾವಳಿಗೆ ಧೂಳು ತೆಗೆಯುವಾಗ ಒಮ್ಮೆ ಕೈಯಿಂದ ಎಳೆದು ನೋಡಿರಿ. ನೂಲು ಸವೆದಿದ್ದರೆ, ಬಳೆ ತುಕ್ಕು ಹಿಡಿದಿದ್ದರೆ ಅಂದೇ ಬದಲಾಯಿಸಿರಿ. ಅದರ ಕೆಳಗೆ ಮಕ್ಕಳು ಮಲಗುತ್ತಾರೆ.